ಮಳೆಮಾಪಕವಿಲ್ಲದ ಊರಿನ ಮಳೆ



2017ರಲ್ಲಿ ಹವಾಮಾನ ವಿಜ್ಞಾನಿಗಳ ಒಂದು ತಂಡ ಸ್ವಲ್ಪ ವಿಚಿತ್ರವಾದ ಲೆಕ್ಕವೊಂದನ್ನು ಹಾಕಿ ಪ್ರಕಟಿಸಿತು. ಮಾಹಿತಿ ಕೈಗೆ ಸಿಗುವಂಥ ಜಗತ್ತಿನ ಎಲ್ಲ ಮಳೆಮಾಪಕಗಳ ಬಾಯಿಯನ್ನೂ ಒಂದರ ಪಕ್ಕ ಒಂದು ಜೋಡಿಸಿದರೆ ಎಷ್ಟು ಜಾಗವಾದೀತು ಎಂಬುದು ಅವರ ಪ್ರಶ್ನೆ. ಬಂದ ಉತ್ತರ: ಒಂದು ಫುಟ್‌ಬಾಲ್ ಮೈದಾನದ ಅರ್ಧವೂ ಆಗುವುದಿಲ್ಲ. ಇಡೀ ಭೂಮಂಡಲದ ಮಳೆಯನ್ನು ನಾವು ಹಿಡಿದು ಅಳೆಯುತ್ತಿರುವುದು ಅಷ್ಟೇ ಜಾಗದಲ್ಲಿ!

ತಾಲ್ಲೂಕು ಕಚೇರಿಯ ಅಂಗಳದಲ್ಲಿ ತಂತಿಬೇಲಿಯೊಳಗೆ ಒಂದು ಮಳೆಮಾಪಕ ನಿಂತಿರುವುದನ್ನು ನೀವು ನೋಡಿರುತ್ತೀರಿ. ಅದರ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್, ಚಿಕ್ಕದಾದರೆ 100. ಅಂದರೆ ಅಡ್ಡಗಲ ಒಂದು ಗೇಣೂ ಇಲ್ಲ. ಬೆಳಿಗ್ಗೆ 8.30ಕ್ಕೆ ಒಬ್ಬರು ಬಂದು ಅದರೊಳಗಿನ ನೀರನ್ನು ಅಳತೆಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಓದಿ ಬರೆದುಕೊಳ್ಳುತ್ತಾರೆ. ತಾಲ್ಲೂಕಿನಲ್ಲಿ ಇಷ್ಟು ಮಿಲಿಮೀಟರ್ ಮಳೆ ಎಂದು ಮರುದಿನ ಪತ್ರಿಕೆಯಲ್ಲಿ ನಾವು ಓದುತ್ತೇವೆ. ಪಕ್ಕದ ಹಳ್ಳಿಯವನು ‘ನಮ್ಮಲ್ಲಿ ಹನಿಯೂ ಬೀಳಲಿಲ್ಲವಲ್ಲ’ ಎಂದು ಗೊಣಗುತ್ತಾನೆ. ಅವನ ಮಾತೂ ನಿಜ, ಪತ್ರಿಕೆಯ ಅಂಕಿಯೂ ನಿಜ. ಬೇಸಿಗೆಯ ಗುಡುಗು ಮಳೆ ಎಮ್ಮೆಯ ಒಂದು ಕೊಂಬನ್ನು ನೆನೆಸಿ ಇನ್ನೊಂದನ್ನು ಬಿಟ್ಟು ಹೋಗುತ್ತದೆ ಎಂದು ಹಳಬರು ಸುಮ್ಮನೆ ಹೇಳಿದ್ದಲ್ಲ.

ಇದು ಮಳೆಮಾಪಕ ಇರುವ ಊರಿನ ಕಥೆಯಾಯಿತು. ಇಲ್ಲದ ಕಡೆ? ಭೂಮಿಯ ಹತ್ತರಲ್ಲಿ ಏಳು ಪಾಲು ಸಮುದ್ರ. ಅಲ್ಲಿ ಬೇಲಿ ಹಾಕಿ ಪಾತ್ರೆ ಇಡುವವರು ಯಾರೂ ಇಲ್ಲ. ಕಾಂಗೋ ನದಿಯ ಕಾಡು, ಸಹಾರಾ ಮರುಭೂಮಿ, ಹಿಮಾಲಯದ ನೆತ್ತಿ, ಎಲ್ಲೆಡೆಯೂ ಅದೇ ಪಾಡು. ಹಾಗೆಂದು ಈ ಜಾಗಗಳ ಹವೆ ನಮಗೆ ಸಂಬಂಧಪಡದ್ದಲ್ಲ. ನಮ್ಮ ಮುಂಗಾರು ರೂಪುಗೊಳ್ಳುವುದೇ ಯಾರೂ ಕೂತು ಅಳೆಯದ ನೀರಿನ ಮೇಲೆ. ಮಂಗಳೂರಿನ ಗಡಿಯಾರ ಗೋಪುರದ ಹತ್ತಿರ ಛತ್ರಿ ಬಿಚ್ಚುವವನ ತಲೆಯ ಮೇಲಿನ ಮೋಡ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಿ ಬಂದಿರುವ ತೇವದಿಂದ ಆದದ್ದು.

ಉಪಗ್ರಹಗಳಿಗಿಂತ ಮುಂಚೆ ಆ ಸಮುದ್ರದ ಸುದ್ದಿ ತರುತ್ತಿದ್ದವರು ಹಡಗಿನವರು. ಕ್ಯಾಪ್ಟನ್‌ಗಳು ಗಾಳಿಯ ದಿಕ್ಕು, ವಾಯುಭಾರ, ಅಲೆಯ ಎತ್ತರ ಬರೆದಿಡುತ್ತಿದ್ದರು. ರೇಡಿಯೊ ಬಂದ ಮೇಲೆ ಆಗಿಂದಾಗಲೇ ಕಳಿಸಲೂ ತೊಡಗಿದರು. ಬಹಳ ಅಮೂಲ್ಯವಾದ ಕೆಲಸ ಅದು. ಆದರೆ ಅದರಲ್ಲೊಂದು ಹುಳುಕಿತ್ತು. ಯಾವ ಕ್ಯಾಪ್ಟನ್ ತಾನೇ ಬೇಕೆಂದು ಚಂಡಮಾರುತದೊಳಗೆ ಹಡಗು ನುಗ್ಗಿಸುತ್ತಾನೆ? ಕಪ್ಪು ಮೋಡ ಕಂಡ ಕೂಡಲೇ ದಾರಿ ಬದಲಿಸುತ್ತಾನೆ. ಹಾಗಾಗಿ ಎಲ್ಲಿ ಮಾಹಿತಿ ಅತ್ಯಂತ ಅಗತ್ಯವೋ ಸರಿಯಾಗಿ ಅಲ್ಲಿಯೇ ಮಾಹಿತಿ ಇರುತ್ತಿರಲಿಲ್ಲ. ಹಡಗಿನ ಮಾರ್ಗಗಳಿದ್ದಲ್ಲಿ ನಕ್ಷೆಯ ತುಂಬ ಅಂಕಿಗಳು, ಉಳಿದ ಕಡೆ ಖಾಲಿ ನೀಲಿ.

ಅರುವತ್ತರ ದಶಕದಲ್ಲಿ ಈ ಖಾಲಿಯನ್ನು ತುಂಬಲು ದೊಡ್ಡ ಪ್ರಯತ್ನವೊಂದು ನಡೆಯಿತು. ಹಲವು ದೇಶಗಳು ಸೇರಿ ಹಿಂದೂ ಮಹಾಸಾಗರಕ್ಕೆ ಸಂಶೋಧನಾ ಹಡಗುಗಳನ್ನು ಕಳಿಸಿದವು. ಮುಂಬಯಿಯ ಕೊಲಾಬಾದಲ್ಲಿ ಅಂತರರಾಷ್ಟ್ರೀಯ ಹವಾಮಾನ ಕೇಂದ್ರವೊಂದು ಕೆಲಸ ಮಾಡಿತು. ಆ ಕಾಲದ ನಮ್ಮ ವಿಜ್ಞಾನಿಗಳಲ್ಲಿ ಪಿ. ಆರ್. ಪಿಶಾರೋಟಿ ಪ್ರಮುಖರು. ಕೇರಳದವರು, ಸಿ. ವಿ. ರಾಮನ್ನರ ಬಳಿ ಬೆಂಗಳೂರಿನಲ್ಲಿ ಕೆಲಸ ಕಲಿತವರು. ಮುಂಗಾರಿನ ನೀರು ಬರುವುದು ಎಲ್ಲಿಂದ ಎಂಬ ಹಳೆಯ ಪ್ರಶ್ನೆಯನ್ನು ಅವರು ಕೈಗೆತ್ತಿಕೊಂಡರು. ಸಮಭಾಜಕ ವೃತ್ತದ ಆಚೆ, ದಕ್ಷಿಣ ಗೋಲಾರ್ಧದಿಂದ ಬರುತ್ತದೆಯೋ ಅಥವಾ ನಮ್ಮ ಅರಬ್ಬೀ ಸಮುದ್ರವೇ ಆವಿಯಾಗಿ ಕೊಡುತ್ತದೆಯೋ? ಆಗ ಸಿಕ್ಕಿದ ಅಳತೆಗಳನ್ನಿಟ್ಟುಕೊಂಡು, ಅರಬ್ಬೀ ಸಮುದ್ರದ ಪಾಲೇ ದೊಡ್ಡದು ಎಂದು 1965ರಲ್ಲಿ ವಾದಿಸಿದರು. ಮುಂದೆ ಹೆಚ್ಚು ಅಳತೆಗಳು ಬಂದಂತೆ, ಸಮಭಾಜಕ ದಾಟಿ ಬರುವ ಪಾಲೂ ಬಹಳ ದೊಡ್ಡದು ಎಂದು ಇತರರು ತೋರಿಸಿದರು. ಈ ಚರ್ಚೆಯಲ್ಲಿ ಯಾರು ಗೆದ್ದರು ಎನ್ನುವುದು ಮುಖ್ಯವಲ್ಲ. ನಾವು ಕುಡಿಯುವ ನೀರಿನ ಮೂಲದ ಬಗ್ಗೆಯೇ ಇಷ್ಟು ದೊಡ್ಡ ಭಿನ್ನಾಭಿಪ್ರಾಯ ಸಾಧ್ಯವಾದದ್ದು ನಡು ಸಮುದ್ರದಲ್ಲಿ ಅಳತೆ ಸಾಲದ್ದರಿಂದ.

ಅಷ್ಟರಲ್ಲಿ ಆಕಾಶದಿಂದ ನೋಡುವ ಕೆಲಸವೂ ಶುರುವಾಗಿತ್ತು. 1960ರ ಏಪ್ರಿಲ್ 1ರಂದು ಅಮೆರಿಕ ಟೈರೋಸ್-1 ಎಂಬ ಉಪಗ್ರಹವನ್ನು ಹಾರಿಸಿತು. ಅದರೊಳಗಿದ್ದದ್ದು ಎರಡು ಟೆಲಿವಿಷನ್ ಕ್ಯಾಮೆರಾ. ಬದುಕಿದ್ದು 78 ದಿನ. ಚಿತ್ರಗಳು ಮಸುಕು ಮಸುಕು. ಆದರೂ ಹಾರಿದ ಕೆಲವೇ ದಿನಗಳಲ್ಲಿ ಅದು ನ್ಯೂಜಿಲೆಂಡಿನ ಕಡೆಯ ಸಾಗರದಲ್ಲಿ ಸುರುಳಿ ಸುತ್ತಿದ್ದ ಚಂಡಮಾರುತವೊಂದರ ಚಿತ್ರ ತೆಗೆಯಿತು. ಮೋಡಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದಿಲ್ಲ, ಅವುಗಳಿಗೊಂದು ವಿನ್ಯಾಸವಿದೆ, ಆ ವಿನ್ಯಾಸವನ್ನು ಓದಬಹುದು ಎನ್ನುವುದು ಕಣ್ಣಿಗೇ ಕಾಣಿಸಿತು. ಎಪ್ಪತ್ತರ ದಶಕದಲ್ಲಿ ವರ್ನನ್ ಡ್ವೊರಾಕ್ ಎಂಬ ಅಮೆರಿಕದ ಹವಾಮಾನ ತಜ್ಞ ಈ ಓದನ್ನು ಒಂದು ಕ್ರಮಕ್ಕೆ ತಂದರು. ಸುರುಳಿ ಎಷ್ಟು ಬಿಗಿಯಾಗಿದೆ, ನಡುವೆ ಕಣ್ಣು ಮೂಡಿದೆಯೆ, ಕಣ್ಣಿನ ಸುತ್ತಲಿನ ಮೋಡ ಎಷ್ಟು ತಣ್ಣಗಿದೆ ಎಂಬುದನ್ನು ನೋಡಿ ಚಂಡಮಾರುತಕ್ಕೆ 1ರಿಂದ 8ರವರೆಗೆ ಒಂದು ಅಂಕ ಕೊಡುವ ಪದ್ಧತಿ ಅದು. ಅಟ್ಲಾಂಟಿಕ್ ಸಾಗರದಲ್ಲಿ ಅಮೆರಿಕದವರು ಚಂಡಮಾರುತದೊಳಗೆ ವಿಮಾನ ನುಗ್ಗಿಸಿ ಗಾಳಿಯನ್ನು ನೇರವಾಗಿ ಅಳೆಯುತ್ತಾರೆ. ಬಂಗಾಳ ಕೊಲ್ಲಿಯಲ್ಲಿ, ಅರಬ್ಬೀ ಸಮುದ್ರದಲ್ಲಿ ಅಂಥ ವಾಡಿಕೆ ಇಲ್ಲ. ಚಂಡಮಾರುತದ ಗಾಳಿಯ ವೇಗ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಆಕಾಶವಾಣಿಯಲ್ಲಿ ನೀವು ಕೇಳುತ್ತೀರಲ್ಲ, ಅದು ದಡದಿಂದ ದೂರವಿದ್ದಾಗ ಹೆಚ್ಚಾಗಿ ಮೋಡದ ಚಿತ್ರ ಓದಿ ಹೇಳಿದ ಅಂಕಿ.

ಕಂಡರೆ ಸಾಲದು ಎನ್ನುವುದನ್ನು 1970ರ ನವೆಂಬರ್ ತೋರಿಸಿತು. ಆಗಿನ ಪೂರ್ವ ಪಾಕಿಸ್ತಾನದ, ಇಂದಿನ ಬಾಂಗ್ಲಾದೇಶದ ಭೋಲಾ ದ್ವೀಪದ ಕಡೆಗೆ ಚಂಡಮಾರುತ ಬರುತ್ತಿರುವುದು ಉಪಗ್ರಹದ ಚಿತ್ರದಲ್ಲಿ ಕಂಡಿತ್ತು. ಏನೋ ಗಾಳಿ ಬರುತ್ತಿದೆ ಎಂಬ ಸುದ್ದಿ ಜನರಲ್ಲಿ ಬಹುಮಂದಿಗೆ ಮುಟ್ಟಿಯೂ ಇತ್ತು. ಆದರೆ ಎಷ್ಟು ಎತ್ತರದ ನೀರು ನುಗ್ಗುತ್ತದೆಂದು ಅವರಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಹೋಗಿ ಸೇರಿಕೊಳ್ಳಲು ಗಟ್ಟಿ ಕಟ್ಟಡಗಳು ಬೆರಳೆಣಿಕೆಯಷ್ಟು. ಸತ್ತವರು ಕಡಿಮೆಯೆಂದರೂ ಮೂರು ಲಕ್ಷ. ಒಡಿಶಾದಲ್ಲಿ 1999ರ ಮಹಾಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. ಅದೇ ಒಡಿಶಾ ಕರಾವಳಿಗೆ 2013ರ ಅಕ್ಟೋಬರಿನಲ್ಲಿ ಫೈಲಿನ್ ಅಪ್ಪಳಿಸಿದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸಾವು ಹತ್ತುಗಳ ಲೆಕ್ಕದಲ್ಲಿ ನಿಂತಿತು. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಉಪಗ್ರಹಗಳು ಸುಧಾರಿಸಿದ್ದವು, ನಿಜ. ಅದಕ್ಕಿಂತ ಹೆಚ್ಚಾಗಿ ಚಂಡಮಾರುತ ಆಶ್ರಯ ಕಟ್ಟಡಗಳು ಎದ್ದಿದ್ದವು, ಜಿಲ್ಲಾಧಿಕಾರಿಗಳು ಮುನ್ಸೂಚನೆಯನ್ನು ನಂಬಿ ಬಸ್ಸು ಲಾರಿ ಕಳಿಸುವುದನ್ನು ಕಲಿತಿದ್ದರು. ಉಪಗ್ರಹದ ಹೊಗಳಿಕೆಯಲ್ಲಿ ಈ ಬಸ್ಸುಗಳ ಮಾತು ಬಿಟ್ಟುಹೋಗುವುದೇ ಹೆಚ್ಚು.

ನಮ್ಮ ತಲೆಯ ಮೇಲೆ ಸದಾ ನಿಂತು ನೋಡುವ ಕಣ್ಣು ನಮಗೆ ಸಿಕ್ಕಿದ ಬಗೆಯೂ ಸ್ವಾರಸ್ಯದ್ದೇ. ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ಸಮಭಾಜಕ ವೃತ್ತದ ನೇರಕ್ಕೆ ಉಪಗ್ರಹವನ್ನಿಟ್ಟರೆ ಅದು ಭೂಮಿ ತಿರುಗುವ ವೇಗದಲ್ಲೇ ಸುತ್ತುತ್ತ, ಒಂದೇ ಜಾಗದ ಮೇಲೆ ನಿಂತ ಹಾಗೆ ಇರುತ್ತದೆ. ಇದು ಭೂಸ್ಥಿರ ಕಕ್ಷೆ. 1979ರಲ್ಲಿ ಮುಂಗಾರನ್ನು ಅಧ್ಯಯನ ಮಾಡಲು ಮೊನೆಕ್ಸ್ ಎಂಬ ಅಂತರರಾಷ್ಟ್ರೀಯ ಯೋಜನೆ ನಡೆದಾಗ ಹಿಂದೂ ಮಹಾಸಾಗರದ ಮೇಲೆ ಅಂಥ ಉಪಗ್ರಹ ನಮ್ಮದು ಇರಲಿಲ್ಲ. ಅಮೆರಿಕ ತನ್ನ ಗೋಸ್-1 ಉಪಗ್ರಹವನ್ನು ಸರಿಸಿಕೊಂಡು ಬಂದು ಇಲ್ಲಿ ನಿಲ್ಲಿಸಿತು. ಯೋಜನೆಯ ವರ್ಷ ಮುಗಿದ ಮೇಲೆ ವಾಪಸು ಒಯ್ದಿತು. ಒಂದು ಮುಂಗಾರಿನ ಮಟ್ಟಿಗೆ ಎರವಲು ಸಿಕ್ಕ ಕಣ್ಣು. 1982ರ ಏಪ್ರಿಲಿನಲ್ಲಿ ನಮ್ಮ ಸ್ವಂತದ ಇನ್ಸಾಟ್-1ಎ ಹಾರಿತು, ಐದು ತಿಂಗಳು ತುಂಬುವಷ್ಟರಲ್ಲಿ ಕೆಟ್ಟುಹೋಯಿತು. 1983ರ ಆಗಸ್ಟಿನಲ್ಲಿ ಚಾಲೆಂಜರ್ ಗಗನನೌಕೆಯಲ್ಲಿ ಹೋದ ಇನ್ಸಾಟ್-1ಬಿ ನಿಂತಿತು. ದೂರವಾಣಿ, ದೂರದರ್ಶನ, ಬಾನುಲಿ, ಹವಾಮಾನ, ಈ ನಾಲ್ಕನ್ನೂ ಒಂದೇ ಉಪಗ್ರಹಕ್ಕೆ ಹೊರಿಸಿದ್ದು ಆ ಕಾಲಕ್ಕೆ ಅಪರೂಪವೇ. ಅದನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸುತ್ತಿದ್ದವರು ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು. ಇಂದಿಗೂ ಇನ್ಸಾಟ್-3ಡಿಆರ್, 2024ರ ಫೆಬ್ರುವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಉಪಗ್ರಹಗಳ ಲಗಾಮು ಇರುವುದು ಹಾಸನದಲ್ಲೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಉಪಗ್ರಹಕ್ಕೆ ಮಳೆ ಕಾಣುತ್ತದೆಯೆ?

ಬಹುಮಟ್ಟಿಗೆ ಇಲ್ಲ. ಇದನ್ನು ಹೇಳಿದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಭೂಸ್ಥಿರ ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿ ಮಾತ್ರ. ನೆತ್ತಿಯಿಂದ ಹೊರಡುವ ಅವಕೆಂಪು ಕಿರಣವನ್ನು ಅಳೆದು ಅದೆಷ್ಟು ತಣ್ಣಗಿದೆ ಎಂದು ಹೇಳಬಹುದು. ಮೇಲೆ ಹೋದಷ್ಟೂ ಚಳಿ ಹೆಚ್ಚುವುದರಿಂದ, ತಣ್ಣಗಿದ್ದರೆ ಮೋಡ ಎತ್ತರವಾಗಿ ಬೆಳೆದಿದೆ ಎಂದರ್ಥ. ಎತ್ತರವಾಗಿ ಬೆಳೆದ ಮೋಡದಡಿ ಸಾಮಾನ್ಯವಾಗಿ ಜೋರು ಮಳೆ ಇರುತ್ತದೆ. ಅಳತೆ ಒಂದೇ, ಅದರ ಮೇಲೆ ಎರಡು ಊಹೆ. ಹೆಂಚಿನ ಸಂದಿಯಿಂದ ಏಳುವ ಹೊಗೆ ನೋಡಿ ಒಳಗೆ ಎಷ್ಟು ಜನಕ್ಕೆ ಅಡುಗೆಯಾಗುತ್ತಿದೆ ಎಂದು ಹೇಳುವ ಕೆಲಸ ಇದು. ಮದುವೆ ಮನೆಯಾದರೆ ಊಹೆ ಸರಿಹೋದೀತು, ಹಸಿ ಸೌದೆಯಾದರೆ ಕೆಟ್ಟೀತು.

ಹೀಗೆ ಊಹಿಸುವ ಅತ್ಯಂತ ಸರಳ ಸೂತ್ರವನ್ನು ಕೊಟ್ಟವರು ಫಿಲ್ ಆರ್ಕಿನ್ ಎಂಬ ವಿಜ್ಞಾನಿ. 1974ರಲ್ಲಿ ಪಶ್ಚಿಮ ಆಫ್ರಿಕದ ತೀರದಾಚೆ ಅಟ್ಲಾಂಟಿಕ್‌ನಲ್ಲಿ ಹಡಗುಗಳ ದಂಡು ನಿಲ್ಲಿಸಿ, ಹಡಗಿನ ರಾಡಾರಿನಿಂದ ಮಳೆ ಅಳೆದಿದ್ದರು. ಆ ಅಳತೆಯನ್ನು ಉಪಗ್ರಹದ ಚಿತ್ರದ ಪಕ್ಕ ಇಟ್ಟು ನೋಡಿ ಆರ್ಕಿನ್ ಕಂಡುಕೊಂಡದ್ದು ಇಷ್ಟು: ಮೋಡದ ನೆತ್ತಿ ಸೊನ್ನೆಗಿಂತ 38 ಡಿಗ್ರಿ ಕೆಳಗೆ ತಣ್ಣಗಾಗಿದ್ದರೆ ಅದರಡಿ ಗಂಟೆಗೆ 3 ಮಿಲಿಮೀಟರ್ ಮಳೆ ಎಂದು ಹಿಡಿಯಿರಿ. ಅಷ್ಟೇ. ಒಂದು ಮೋಡಕ್ಕೆ, ಒಂದು ಗಂಟೆಗೆ ಈ ಸೂತ್ರ ಹಾಸ್ಯಾಸ್ಪದವಾಗಬಹುದು. ಆದರೆ ಉಷ್ಣವಲಯದ ದೊಡ್ಡ ಪ್ರದೇಶಕ್ಕೆ, ತಿಂಗಳ ಸರಾಸರಿಗೆ ಹಚ್ಚಿದರೆ ಆಶ್ಚರ್ಯವಾಗುವಷ್ಟು ಹತ್ತಿರ ಬರುತ್ತದೆ. ಗುಟ್ಟೇನೆಂದರೆ, ಆ 3 ಮಿಲಿಮೀಟರ್ ಆಕಾಶದಿಂದ ಬಂದ ಅಂಕಿ ಅಲ್ಲ. ಕೆಳಗೆ, ಹಡಗಿನ ಮೇಲೆ ನಿಂತು ಅಳೆದವರು ಕೊಟ್ಟ ಅಂಕಿ.

ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಟಾಮ್‌ಸ್ಯಾಟ್ ಎಂಬ ತಂಡ ಇದೇ ದಾರಿಯಲ್ಲಿ ಆಫ್ರಿಕ ಖಂಡದ ಮಳೆಯನ್ನು ಅಂದಾಜು ಮಾಡುತ್ತ ಬಂದಿದೆ. ಯೂರೋಪಿನ ಮೀಟಿಯೋಸ್ಯಾಟ್ ಉಪಗ್ರಹದ ಚಿತ್ರಗಳಲ್ಲಿ ಒಂದು ಜಾಗದ ಮೇಲೆ ತಣ್ಣನೆಯ ಮೋಡ ಎಷ್ಟು ಹೊತ್ತು ನಿಂತಿತ್ತು ಎಂದು ಎಣಿಸುವುದು ಅವರ ಕ್ರಮ. ಆದರೆ ಅವರು ಆರ್ಕಿನ್ ಹಾಗೆ ಎಲ್ಲ ಕಡೆಗೂ ಒಂದೇ ಅಂಕಿ ಬಳಸುವುದಿಲ್ಲ. ಇಥಿಯೋಪಿಯದ ಬೆಟ್ಟಕ್ಕೆ ಒಂದು, ಸಾಹೆಲ್ ಬಯಲಿಗೆ ಇನ್ನೊಂದು, ಜುಲೈಗೆ ಒಂದು, ಸೆಪ್ಟೆಂಬರಿಗೆ ಮತ್ತೊಂದು. ಅಲ್ಲಲ್ಲಿನ ಹಳೆಯ ಮಳೆಮಾಪಕಗಳ ದಾಖಲೆ ತಿರುವಿ ಹಾಕಿ ಈ ಅಂಕಿಗಳನ್ನು ಹೊಂದಿಸಿದ್ದಾರೆ. 1983ರಿಂದೀಚಿನ ದಾಖಲೆ ಅವರಲ್ಲಿದೆ. ಆಫ್ರಿಕದಲ್ಲಿ ನೆಲದ ಮೇಲಿನ ಹವಾಮಾನ ಕೇಂದ್ರಗಳು ವಿಶ್ವ ಹವಾಮಾನ ಸಂಸ್ಥೆ ಹೇಳುವ ಕನಿಷ್ಠ ಸಾಂದ್ರತೆಯ ಎಂಟನೇ ಒಂದು ಪಾಲಷ್ಟೇ ಎಂಬುದನ್ನು ನೆನೆದರೆ, ಈ ನಲವತ್ತು ವರ್ಷಗಳ ದಾಖಲೆ ಎಷ್ಟು ದೊಡ್ಡ ಆಸ್ತಿ ಎನ್ನುವುದು ತಿಳಿಯುತ್ತದೆ.

ಅವಕೆಂಪಿಗೆ ಮೋಡ ಅಡ್ಡ. ಮೈಕ್ರೋವೇವ್‌ಗೆ ಅಷ್ಟಾಗಿ ಅಡ್ಡವಲ್ಲ. ಅದು ಮೋಡದೊಳಗಿನ ಹನಿಯನ್ನೂ ಹಿಮದ ಕಣವನ್ನೂ ಗುರುತಿಸುತ್ತದೆ. ಆದರೆ ಮೈಕ್ರೋವೇವ್ ಉಪಕರಣ ಕೆಳಗಿನ ಕಕ್ಷೆಯಲ್ಲಿ, ಕೆಲವು ನೂರು ಕಿಲೋಮೀಟರ್ ಎತ್ತರದಲ್ಲೇ ಇರಬೇಕು. ಕೆಳಗಿನ ಉಪಗ್ರಹ ಒಂದೇ ಕಡೆ ನಿಲ್ಲುವುದಿಲ್ಲ. ಸುತ್ತಿ ಬಂದು ನಿಮ್ಮ ಊರನ್ನು ದಿನಕ್ಕೆ ಒಂದೆರಡು ಸಲ ನೋಡಿ ಹೋಗುತ್ತದೆ. ನಡುವೆ ಬಂದು ಹೋದ ಮಳೆ ಅದಕ್ಕೆ ಗೊತ್ತಿಲ್ಲ. ಈ ತೊಡಕಿಗೆ ಭಾರತ ಮತ್ತು ಫ್ರಾನ್ಸ್ ಸೇರಿ ಒಂದು ಜಾಣ ಉತ್ತರ ಕಂಡುಕೊಂಡವು. 2011ರ ಅಕ್ಟೋಬರ್ 12ರಂದು ಹಾರಿದ ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು ಧ್ರುವಗಳ ಕಡೆಗೆ ಕಳಿಸದೆ, ಸಮಭಾಜಕಕ್ಕೆ ಬರೀ 20 ಡಿಗ್ರಿ ಓರೆಯಾಗಿ ಸುತ್ತಿಸಿದರು. ಹಾಗಾಗಿ ಉಷ್ಣವಲಯವನ್ನು ಅದು ದಿನಕ್ಕೆ ಹಲವು ಬಾರಿ ದಾಟುತ್ತಿತ್ತು. ಅದರ ಮುಖ್ಯ ಉಪಕರಣದ ಹೆಸರು ಮದ್ರಾಸ್, ಮಳೆ ಅಂದಾಜಿಗೆಂದೇ ಮಾಡಿದ್ದು. 2013ರ ಜನವರಿಯಲ್ಲಿ ಅದು ಕೆಟ್ಟಿತು. ತೇವಾಂಶ ಅಳೆಯುವ ಸಫೀರ್ ಎಂಬ ಇನ್ನೊಂದು ಉಪಕರಣ ಮಾತ್ರ, ಮೂರು ವರ್ಷದ ಆಯುಸ್ಸನ್ನು ಎಷ್ಟೋ ಮೀರಿ ಕೆಲಸ ಮಾಡಿತು. ಯೂರೋಪಿನ ಮುನ್ಸೂಚನಾ ಕೇಂದ್ರವೂ ಅದರ ಮಾಹಿತಿಯನ್ನು ಬಳಸಿಕೊಂಡಿತು. 2023ರ ಮಾರ್ಚ್ 7ರಂದು ಇಸ್ರೋ ಆ ಉಪಗ್ರಹವನ್ನು ಬೇಕೆಂದೇ ಕೆಳಗಿಳಿಸಿ ಪೆಸಿಫಿಕ್ ಸಾಗರದ ಮೇಲೆ ಸುಟ್ಟುಹೋಗುವಂತೆ ಮಾಡಿತು. ನನ್ನ ಮಟ್ಟಿಗೆ ನಮ್ಮ ಬಾಹ್ಯಾಕಾಶ ಕಾರ್ಯಕ್ರಮದಲ್ಲಿ ಸಿಗಬೇಕಾದಷ್ಟು ಹೆಸರು ಸಿಗದೆ ಹೋದ ಉಪಗ್ರಹ ಇದು. ಚಂದ್ರನ ಕಡೆ ಹೋದದ್ದಕ್ಕೆ ಸಿಹಿ ಹಂಚುತ್ತೇವೆ, ಮೋಡದ ಕಡೆ ಹೋದದ್ದರ ಹೆಸರೂ ನೆನಪಿರುವುದಿಲ್ಲ.

ಮಳೆಯನ್ನು ನಿಜವಾಗಿಯೂ ‘ಮುಟ್ಟಿ’ ನೋಡುವ ಉಪಗ್ರಹವೆಂದರೆ ರಾಡಾರ್ ಹೊತ್ತದ್ದು. ಅಮೆರಿಕ ಮತ್ತು ಜಪಾನ್ 1997ರ ನವೆಂಬರಿನಲ್ಲಿ ಹಾರಿಸಿದ ಟಿಆರ್‌ಎಂಎಂ ಅಂಥ ಮೊದಲನೆಯದು. ಮೂರು ವರ್ಷಕ್ಕೆಂದು ಹೋದದ್ದು ಹದಿನೇಳು ವರ್ಷ ದುಡಿಯಿತು. 2014ರಿಂದ ಅದರ ಜಾಗದಲ್ಲಿ ಜಿಪಿಎಂ ಇದೆ. ಈ ಎಲ್ಲ ಉಪಗ್ರಹಗಳ ಮಾಹಿತಿಯನ್ನು ಬೆರೆಸಿ, ಅರ್ಧ ಗಂಟೆಗೊಮ್ಮೆ, ಹತ್ತು ಕಿಲೋಮೀಟರ್ ಚೌಕಗಳಲ್ಲಿ ಭೂಮಿಯ ಮಳೆಯ ನಕ್ಷೆ ಈಗ ಸಿಗುತ್ತದೆ. ಅದರ ಕೊನೆಯ, ಪರಿಷ್ಕೃತ ಆವೃತ್ತಿ ಬರುವುದು ಮೂರು ತಿಂಗಳ ಮೇಲೆ. ಅಷ್ಟು ತಡವೇಕೆ? ಜರ್ಮನಿಯ ಒಂದು ಕೇಂದ್ರ ಪ್ರಪಂಚದ ಮಳೆಮಾಪಕಗಳ ತಿಂಗಳ ಲೆಕ್ಕ ಕೂಡಿಸಿ ಕೊಡುವವರೆಗೆ ಕಾಯಬೇಕು. ಆ ಲೆಕ್ಕಕ್ಕೆ ತಾಳೆ ನೋಡಿಯೇ ಉಪಗ್ರಹದ ಅಂದಾಜನ್ನು ತಿದ್ದುವುದು. ಇಲ್ಲಿ ತೊಡಕು ಎಲ್ಲಿದೆ ನೋಡಿ. ಮಳೆಮಾಪಕ ಇದ್ದ ಕಡೆ ತಿದ್ದುವುದು ಸುಲಭ. ಇಲ್ಲದ ಕಡೆ ತಿದ್ದಲು ಏನೂ ಇಲ್ಲ. ಉಪಗ್ರಹದ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ಅದರ ಮಾತನ್ನು ಪರೀಕ್ಷಿಸುವ ದಾರಿ ಕಡಿಮೆ.

ಇದು ದೂರದ ಆಫ್ರಿಕದ ತೊಂದರೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಮಲೆನಾಡಿಗೇ ಬನ್ನಿ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಈ ಮಳೆಗಳು ಹೇಗೆ ಸುರಿಯುತ್ತವೆಂದು ತೀರ್ಥಹಳ್ಳಿಯವರಿಗೋ ಮೂಡಿಗೆರೆಯವರಿಗೋ ಹೇಳಿಕೊಡಬೇಕಿಲ್ಲ. ಗುಡುಗಿಲ್ಲ, ಮಿಂಚಿಲ್ಲ, ಹಗಲೂ ಇರುಳೂ ಬಿಡದೆ ಹಿಡಿದ ಜಡಿಮಳೆ. ಸಮುದ್ರದಿಂದ ಬಂದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಅಲ್ಲಿಯೇ ನೀರಿಳಿಸುತ್ತದೆ. ಈ ಮೋಡಗಳು ಎತ್ತರಕ್ಕೆ ಬೆಳೆದವಲ್ಲ, ಗುಡ್ಡದ ನೆತ್ತಿಯನ್ನು ಸವರಿಕೊಂಡು ಹೋಗುವಂಥವು. ಅವುಗಳ ನೆತ್ತಿ ಬೆಚ್ಚಗೆ. ಅವಕೆಂಪು ಚಿತ್ರದಲ್ಲಿ ಅಪಾಯವಿಲ್ಲದ ಬೂದು ಬಣ್ಣ. ಮೈಕ್ರೋವೇವ್ ಉಪಕರಣಕ್ಕೂ ಇಲ್ಲಿ ಕಷ್ಟ. ಸಮುದ್ರದ ಮೇಲಾದರೆ ಮಳೆಹನಿ ಅದಕ್ಕೆ ನೇರ ಎದ್ದು ಕಾಣುತ್ತದೆ. ನೆಲದ ಮೇಲೆ ನೆಲವೇ ಧಾರಾಳವಾಗಿ ಮೈಕ್ರೋವೇವ್ ಹೊರಸೂಸುವುದರಿಂದ ಹನಿ ಅದರಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ನೆಲದ ಮೇಲೆ ಉಪಕರಣ ನೆಚ್ಚಿಕೊಳ್ಳುವುದು ಎತ್ತರದ ಮೋಡದಲ್ಲಿನ ಹಿಮಕಣಗಳನ್ನು. ಜಡಿಮಳೆಯ ಮೋಡದಲ್ಲಿ ಅಂಥ ಹಿಮವೇ ಕಡಿಮೆ. ಇನ್ನು ರಾಡಾರ್: ಗುಡ್ಡದಿಂದ ಪುಟಿದು ಬರುವ ಪ್ರತಿಧ್ವನಿಯಿಂದಾಗಿ ನೆಲಕ್ಕೆ ಹತ್ತಿರದ ಒಂದೆರಡು ಕಿಲೋಮೀಟರ್ ಅದಕ್ಕೆ ಮಸುಕು. ಘಟ್ಟದ ಮಳೆ ದಟ್ಟವಾಗುವುದು ಸರಿಯಾಗಿ ಅದೇ ಎತ್ತರದಲ್ಲಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯಂಥ ಜಾಗಗಳಲ್ಲಿ ಉಪಗ್ರಹದ ಅಂದಾಜು ನಿಜಕ್ಕಿಂತ ಕೆಳಗೆ ಉಳಿಯುವುದಕ್ಕೆ ಕಾರಣ ಇದು. ಅಲ್ಲಿಂದ ನೂರು ಕಿಲೋಮೀಟರ್ ಪೂರ್ವಕ್ಕೆ, ಕಡೂರಿನ ಬಯಲಿಗೆ ಬಂದರೆ ಮಳೆ ಆರುನೂರರ ಆಸುಪಾಸು. ಇಷ್ಟು ಕಡಿದಾದ ಇಳಿಕೆಯನ್ನು ಹತ್ತು ಕಿಲೋಮೀಟರಿನ ಚೌಕಗಳಲ್ಲಿ ಹಿಡಿಯುವುದು ಸುಲಭವಲ್ಲ.

ಇಂಥ ಕಡೆ ಬೆಲೆ ಬರುವುದು ತೋಟದ ಮನೆಯ ಮಳೆ ಪುಸ್ತಕಕ್ಕೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಮಳೆ ಅಳೆದು ಬರೆದಿಡುವ ಅಭ್ಯಾಸ ತಲೆಮಾರುಗಳಿಂದ ಬಂದಿದೆ. ಅವರ ಲೆಕ್ಕ ಇಂದಿಗೂ ಇಂಚು ಮತ್ತು ಸೆಂಟ್‌ನಲ್ಲಿ. ‘ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟ್ ಆಯ್ತು’ ಎಂದರೆ ಸಾಕು, ಕೇಳಿದವರಿಗೆ ಆ ವರ್ಷದ ಫಸಲಿನ ಅಂದಾಜು ಸಿಕ್ಕಿಬಿಡುತ್ತದೆ. ಅಜ್ಜನ ಅಕ್ಷರದಲ್ಲಿ ಶುರುವಾಗಿ ಮೊಮ್ಮಗಳ ಅಕ್ಷರದಲ್ಲಿ ಮುಂದುವರಿದ ಇಂಥ ಪುಸ್ತಕಗಳನ್ನು ಸಂಶೋಧಕರು ಹುಡುಕಿಕೊಂಡು ಹೋಗುವುದುಂಟು. ಸರ್ಕಾರದ ಕಡೆಯಿಂದಲೂ ಕರ್ನಾಟಕ ಒಂದು ದೊಡ್ಡ ಕೆಲಸ ಮಾಡಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟಿದೆ. ಅವು ಕಾಲು ಗಂಟೆಗೊಮ್ಮೆ ತಾವಾಗಿಯೇ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ಉಪಗ್ರಹ ಇರುವಾಗ ಇಷ್ಟು ಖರ್ಚೇಕೆ ಎಂದು ಕೇಳುವವರಿಗೆ ಮಲೆನಾಡಿನ ಜಡಿಮಳೆಯೇ ಉತ್ತರ.

ಅಳತೆ ತಪ್ಪಿದರೆ ನಷ್ಟ ಯಾರಿಗೆ? ಇದಕ್ಕೆ ಆಫ್ರಿಕದ ಮಲಾವಿ ದೇಶದ ಒಂದು ಪ್ರಸಂಗ ಹೇಳಬೇಕು. ಆಫ್ರಿಕದ ಹಲವು ಸರ್ಕಾರಗಳು ಬರಗಾಲಕ್ಕೆ ವಿಮೆ ಮಾಡಿಸುತ್ತವೆ. ಹೊಲಹೊಲಕ್ಕೆ ಹೋಗಿ ನಷ್ಟ ಅಳೆಯುವುದು ಆಗದ ಮಾತು. ಆದ್ದರಿಂದ ಉಪಗ್ರಹ ಕೊಟ್ಟ ಮಳೆಯ ಅಂದಾಜನ್ನು ಒಂದು ಕಂಪ್ಯೂಟರ್ ಮಾದರಿಗೆ ಹಾಕಿ, ಬೆಳೆ ಎಷ್ಟು ಒಣಗಿತು, ಎಷ್ಟು ಜನಕ್ಕೆ ತೊಂದರೆಯಾಯಿತು ಎಂದು ಲೆಕ್ಕ ಹಾಕುತ್ತಾರೆ. 2015-16ರ ಹಂಗಾಮಿನಲ್ಲಿ ಮಲಾವಿಯಲ್ಲಿ ಭೀಕರ ಬರ ಬಿತ್ತು. ಅರುವತ್ತೈದು ಲಕ್ಷ ಜನರಿಗೆ ಆಹಾರದ ನೆರವು ಬೇಕೆಂದು ಸರ್ಕಾರ ಹೇಳಿತು. ವಿಮೆಯ ಕಂಪ್ಯೂಟರ್ ಹೇಳಿದ್ದು ಇಪ್ಪತ್ತು ಸಾವಿರದ ಆಸುಪಾಸು! ಹಾಗಾಗಿ ಪರಿಹಾರ ಇಲ್ಲ. ಗಲಾಟೆಯಾಯಿತು, ಮರುಪರಿಶೀಲನೆ ನಡೆಯಿತು. ತಪ್ಪು ಸಿಕ್ಕಿದ್ದು ಉಪಗ್ರಹದಲ್ಲಲ್ಲ. ರೈತರು ಬಿತ್ತುವುದು ದೀರ್ಘಾವಧಿಯ ಮೆಕ್ಕೆಜೋಳ ಎಂದು ಮಾದರಿ ಬರೆದವರು ಹಿಡಿದುಕೊಂಡಿದ್ದರು. ರೈತರಲ್ಲಿ ಬಹುಪಾಲು ಮಂದಿ ಅಷ್ಟರಲ್ಲಿ ಅಲ್ಪಾವಧಿಯ ತಳಿಗೆ ಬದಲಾಗಿದ್ದರು. ಎರಡು ತಳಿಗೆ ನೀರು ಬೇಕಾಗುವ ವಾರಗಳು ಬೇರೆ ಬೇರೆ. ತಳಿ ಬದಲಿಸಿ ಲೆಕ್ಕ ಹಾಕಿದ ಮೇಲೆ ಸುಮಾರು 81 ಲಕ್ಷ ಡಾಲರ್ ಪರಿಹಾರ ಮಂಜೂರಾಯಿತು. ಅಷ್ಟು ಹೊತ್ತಿಗೆ ಕೊಯ್ಲಿನ ಕಾಲ ಕಳೆದು ತಿಂಗಳುಗಳೇ ಆಗಿದ್ದವು. ಯಾವ ಬೀಜ ಬಿತ್ತಿದ್ದೀರಿ ಎಂದು ಹಳ್ಳಿಯಲ್ಲಿ ನಾಲ್ಕು ಜನರನ್ನು ಕೇಳಿದ್ದರೆ ಮೊದಲೇ ಗೊತ್ತಾಗುತ್ತಿತ್ತು.

ಹಾಗೆಂದು ಈ ವಿಮೆಯ ವಿಚಾರವನ್ನೇ ತಳ್ಳಿಹಾಕಲು ನಾನು ತಯಾರಿಲ್ಲ. ಕೀನ್ಯಾದ ಉತ್ತರಕ್ಕೆ ಮಾರ್ಸಬಿಟ್ ಎಂಬ ಒಣ ಸೀಮೆಯಿದೆ, ದನ ಒಂಟೆ ಮೇಯಿಸಿಕೊಂಡು ಬದುಕುವವರ ನಾಡು. ಅಲ್ಲಿ 2010ರಲ್ಲಿ ಹೊಸ ಬಗೆಯ ಜಾನುವಾರು ವಿಮೆ ಶುರುವಾಯಿತು. ಸತ್ತ ದನವನ್ನು ಯಾರೂ ಎಣಿಸುವುದಿಲ್ಲ. ಹುಲ್ಲುಗಾವಲು ಎಷ್ಟು ಹಸಿರಾಗಿದೆ ಎಂದು ಉಪಗ್ರಹ ನೋಡುತ್ತದೆ. ಹಸಿರು ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದರೆ ಹಣ ಬರುತ್ತದೆ. ಮಳೆಯನ್ನು ಊಹಿಸುವ ಬದಲು ಮಳೆಯ ಫಲವನ್ನೇ ನೋಡುವ ಈ ಉಪಾಯ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ದನಗಾಹಿಗೂ ಅದು ಅರ್ಥವಾಗುತ್ತದೆ. ಅವನ ದಿನನಿತ್ಯದ ಅಳತೆಯೂ ಹುಲ್ಲೇ ಅಲ್ಲವೆ?

ಸಮುದ್ರದ ಮೇಲಿನ ಗಾಳಿಯ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗಾಳಿ ಬೀಸಿದರೆ ನೀರಿನ ಮೈ ತರಿತರಿಯಾಗುತ್ತದೆ. ಉಪಗ್ರಹದಿಂದ ಮೈಕ್ರೋವೇವ್ ಕಳಿಸಿ, ಎಷ್ಟು ಮರಳಿ ಬರುತ್ತದೆಂದು ನೋಡಿ, ಆ ತರಿಯಿಂದ ಗಾಳಿಯ ವೇಗ, ದಿಕ್ಕು ಎರಡನ್ನೂ ಲೆಕ್ಕ ಹಾಕುವ ಉಪಕರಣಕ್ಕೆ ಸ್ಕ್ಯಾಟರೋಮೀಟರ್ ಎಂದು ಹೆಸರು. ನಮ್ಮ ಓಷನ್‌ಸ್ಯಾಟ್-2, ಸ್ಕ್ಯಾಟ್‌ಸ್ಯಾಟ್-1 ಇದನ್ನು ಹೊತ್ತಿದ್ದವು, ಈಗಿನ ಓಷನ್‌ಸ್ಯಾಟ್-3 ಹೊತ್ತಿದೆ. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ತೀರಕ್ಕೆ ಬರುವಾಗ ಅಲ್ಲಿನವರು ನೋಡಿದ ಗಾಳಿಯ ನಕ್ಷೆಗಳಲ್ಲಿ ಓಷನ್‌ಸ್ಯಾಟ್-2ರದೂ ಇತ್ತು. 1979ರಲ್ಲಿ ಪಡೆದ ಎರವಲನ್ನು ನಾವು ತೀರಿಸಿದಂತಾಯಿತು.

ಈ ಎಲ್ಲದರಿಂದ ನಿಜವಾಗಿ ಲಾಭವಾಗಿದೆಯೆ ಎಂದರೆ, ದಕ್ಷಿಣ ಗೋಲಾರ್ಧವನ್ನು ನೋಡಿ. ಅಲ್ಲಿ ಬಹುಪಾಲು ಬರೀ ಸಮುದ್ರ. ಎಂಬತ್ತರ ದಶಕದಲ್ಲಿ ಅಲ್ಲಿನ ಹವಾಮಾನ ಮುನ್ಸೂಚನೆ ಉತ್ತರದ್ದಕ್ಕಿಂತ ತುಂಬ ಹಿಂದಿತ್ತು. ಉಪಗ್ರಹದ ಅಳತೆಗಳನ್ನು ನೇರವಾಗಿ ಮುನ್ಸೂಚನೆಯ ಲೆಕ್ಕಕ್ಕೆ ಸೇರಿಸುವ ವಿದ್ಯೆ ಕೈಗೂಡಿದ ಮೇಲೆ, ಈ ಶತಮಾನದ ಮೊದಲ ವರ್ಷಗಳ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಸಮಸಮ ಬಂದವು. ಆ ಸಾಗರಗಳಲ್ಲಿ ಹೊಸದಾಗಿ ಯಾರೂ ಹೋಗಿ ನೆಲೆಸಿರಲಿಲ್ಲ. ನೋಡುವ ಬಗೆ ಬದಲಾಗಿತ್ತು, ಅಷ್ಟೇ.

ಇನ್ನೊಂದು ಕೆಲಸವನ್ನೂ ನಮ್ಮ ಇನ್ಸಾಟ್ ಉಪಗ್ರಹಗಳು ಮಾಡುತ್ತವೆ. ಅದರ ಬಗ್ಗೆ ಮಾತಾಡುವವರು ಕಡಿಮೆ. ತಾವು ನೋಡುವುದರ ಜೊತೆಗೆ, ಕೆಳಗೆ ಮನುಷ್ಯರಿಲ್ಲದ ಜಾಗದಲ್ಲಿ ನೆಟ್ಟ ಸ್ವಯಂಚಾಲಿತ ಹವಾಮಾನ ಕೇಂದ್ರಗಳ ಅಂಕಿಗಳನ್ನು ಮೇಲಿಂದಲೇ ಪಡೆದು ದಾಟಿಸುತ್ತವೆ. ಫೋನ್ ಸಿಗ್ನಲ್ ಇಲ್ಲದ ಬೆಟ್ಟದ ಮೇಲಿನ ಮಳೆಮಾಪಕ ಸೌರಫಲಕದ ವಿದ್ಯುತ್ತಿನಲ್ಲಿ ತನ್ನ ಲೆಕ್ಕವನ್ನು 36 ಸಾವಿರ ಕಿಲೋಮೀಟರ್ ಮೇಲೆ ಕಳಿಸುತ್ತದೆ, ಅಲ್ಲಿಂದ ಅದು ಪುಣೆಯ ಹವಾಮಾನ ಇಲಾಖೆಯ ಭೂಕೇಂದ್ರಕ್ಕೆ ಇಳಿಯುತ್ತದೆ. ಎಲ್ಲ ಸೇರಿ ಕ್ಷಣಮಾತ್ರದ ಕೆಲಸ. ಇದರಲ್ಲಿ ಕೈಕೊಡುವುದು ಸಾಮಾನ್ಯವಾಗಿ ಉಪಗ್ರಹವಲ್ಲ. ಮಳೆಮಾಪಕದ ಆಲಿಕೆಗೆ ನಾಲ್ಕು ಎಲೆ ಬಿದ್ದು ಕಟ್ಟಿಕೊಳ್ಳುತ್ತದೆ, ಇಲ್ಲವೆ ಜೇಡ ಬಲೆ ನೇಯುತ್ತದೆ. ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಒಳಗೆ ಹನಿ ಇಳಿಯುವುದಿಲ್ಲ. ಆಗ ಆ ಬೆಟ್ಟದಿಂದ ಉಪಗ್ರಹಕ್ಕೆ, ಉಪಗ್ರಹದಿಂದ ಪುಣೆಗೆ, ಗಂಟೆ ತಪ್ಪದೆ ‘ಮಳೆ ಸೊನ್ನೆ’ ಎಂದೇ ವರದಿ ಹೋಗುತ್ತಿರುತ್ತದೆ. ಯಾರಾದರೂ ಬೆಟ್ಟ ಹತ್ತಿ ಹೋಗಿ ಆಲಿಕೆ ತೊಳೆಯುವವರೆಗೆ.